ಗುರುತು ಕೂಡಿದರೆ ಟೈಮಿಂಗ್ ಕೂಡಿತೇ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಗ್ಯಾರೇಜುಗಳಲ್ಲಿ ಹಳೇ ಕಾರಿನ ಇಂಜಿನ್ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಇನ್ನೂ ನಿಂತಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲಿ ಮುಗಿಯಿತು. ಮಾರುತಿ 800 ಕೂಡ ಅದೇ ವರ್ಷ ಕಾರ್ಖಾನೆಯಿಂದ ಮರೆಯಾಯಿತು. ಪದ್ಮಿನಿಯ ಕಾಲ ಅದಕ್ಕೂ ಮುಂಚೆಯೇ ಮುಗಿದಿತ್ತು. ತಯಾರಾಗುವುದು ನಿಂತ ಮಾತ್ರಕ್ಕೆ ಕಾರು ಓಡುವುದು ನಿಲ್ಲುವುದಿಲ್ಲವಲ್ಲ. ಹೊಗೆ ಜಾಸ್ತಿಯಾದಾಗ, ಪಿಕಪ್ ಸತ್ತಾಗ, ನೀರು ಕಡಿಮೆಯಾಗಿ ಹೆಡ್ ಗ್ಯಾಸ್ಕೆಟ್ ಹೋದಾಗ ಇಂಜಿನ್ ಕೆಳಗಿಳಿಯುತ್ತದೆ. ಬ್ಲಾಕನ್ನು ಬೋರ್‌ಗೆ, ಹೆಡ್ಡನ್ನು ಫೇಸಿಂಗಿಗೆ, ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕಳಿಸುತ್ತಾರೆ. ಲೇತ್ ಅಂಗಡಿಯಲ್ಲಿ ಎಲ್ಲವೂ ಮೈಕ್ರೋಮೀಟರ್ ಹಿಡಿದೇ ನಡೆಯುವ ಕೆಲಸ. ಅಲ್ಲಿ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಲೆಕ್ಕವಿದೆ. ಅದೆಲ್ಲ ಮುಗಿದು ಕೊನೆಗೆ ಟೈಮಿಂಗ್ ಚೈನೋ ಬೆಲ್ಟೋ ಹಾಕುವ ಹೊತ್ತಿಗೆ ಮಾತ್ರ ಅಳತೆ ಅನ್ನುವುದು ಎದ್ದು ಹೋಗಿಬಿಡುತ್ತದೆ. ಈ ಚಕ್ರದ ಚುಕ್ಕೆ, ಆ ಚಕ್ರದ ಚುಕ್ಕೆ ಎದುರುಬದುರು ಬಂದರೆ ಸಾಕು, ಕವರ್ ಮುಚ್ಚು. ಬಿಚ್ಚಿ ಕಟ್ಟಿದ ಇಂಜಿನ್ನಿಗೆ ಈ ಚುಕ್ಕೆ ಸಾಲದು, ಕ್ಯಾಮ್‌ಶಾಫ್ಟಿನ ಟೈಮಿಂಗನ್ನು ಅಳೆದೇ ಕೂರಿಸಬೇಕು ಎಂಬುದು ಈ ಲೇಖನದ ವಾದ.

ಕ್ಯಾಮ್ ಮಾಡುವ ಕೆಲಸವೇನೆಂದು ಮೊದಲು ನೋಡೋಣ: ತನ್ನ ಉಬ್ಬುಗಳಿಂದ, ಅಂದರೆ ಲೋಬುಗಳಿಂದ, ವಾಲ್ವುಗಳನ್ನು ತೆರೆದು ಮುಚ್ಚಿಸುವುದು. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಅಂದರೆ ಕ್ಯಾಮ್ ಒಂದು ಡಿಗ್ರಿ ಅತ್ತಿತ್ತ ಆದರೆ ಪಿಸ್ಟನ್ನಿನ ಲೆಕ್ಕದಲ್ಲಿ ಅದು ಎರಡು ಡಿಗ್ರಿ. ಗಾಳಿ ಎಳೆದುಕೊಳ್ಳುವ ಇನ್‌ಲೆಟ್ ವಾಲ್ವು ಪಿಸ್ಟನ್ ತಳ ಮುಟ್ಟಿದ ಕೂಡಲೇ ಮುಚ್ಚುವುದಿಲ್ಲ. ಒಳನುಗ್ಗುವ ಗಾಳಿಗೂ ಒಂದು ಓಟ ಇರುತ್ತದೆ. ಪಿಸ್ಟನ್ ಮೇಲೇರತೊಡಗಿದರೂ ಸ್ವಲ್ಪ ಹೊತ್ತು ಅದು ಒಳಗೆ ಬರುತ್ತಲೇ ಇರುತ್ತದೆ. ಆ ಸ್ವಲ್ಪ ಹೊತ್ತು ಎಷ್ಟು ಎನ್ನುವುದರ ಮೇಲೆ ಇಂಜಿನ್ನಿನ ಸ್ವಭಾವವೇ ನಿಂತಿದೆ. ಬೇಗ ಮುಚ್ಚಿದರೆ ಕಡಿಮೆ ವೇಗದಲ್ಲಿ ಎಳೆತ ಚೆನ್ನಾಗಿರುತ್ತದೆ, ಮೇಲಿನ ವೇಗದಲ್ಲಿ ಉಸಿರು ಕಟ್ಟುತ್ತದೆ. ತಡವಾಗಿ ಮುಚ್ಚಿದರೆ ಇದರ ತಿರುವುಮುರುವು. ಕಾರ್ಖಾನೆಯವರು ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಂತು ತೀರ್ಮಾನಿಸಿರುತ್ತಾರೆ, ಆ ತೀರ್ಮಾನದ ಕುರುಹೇ ಚಕ್ರದ ಮೇಲಿನ ಚುಕ್ಕೆ.

ಆದರೆ ಆ ಚುಕ್ಕೆಗೆ ತಿಳಿದಿರುವುದು ಕಾರ್ಖಾನೆಯಿಂದ ಹೊರಬಿದ್ದ ದಿನದ ಇಂಜಿನ್ ಮಾತ್ರ. ಆಮೇಲೆ ಹೆಡ್ಡಿನಿಂದ ಅರ್ಧ ಮಿಲಿಮೀಟರ್ ಕೆರೆದದ್ದು ಅದಕ್ಕೆ ಗೊತ್ತಿಲ್ಲ, ಚೈನು ಜಗ್ಗಿದ್ದೂ ಗೊತ್ತಿಲ್ಲ. ಲೆಕ್ಕ ಹಾಕಿಯೇ ನೋಡಬಹುದು. ಕ್ಯಾಮ್ ಹೆಡ್ಡಿನ ಮೇಲೆ ಕೂತಿರುವ ಇಂಜಿನ್ ಒಂದಿದೆ ಅಂದುಕೊಳ್ಳಿ. ಅದರ ಕ್ಯಾಮ್ ಚಕ್ರಕ್ಕೆ 40 ಹಲ್ಲು, ಚೈನಿನ ಕೊಂಡಿಯಿಂದ ಕೊಂಡಿಗೆ 9.525 ಮಿ.ಮೀ. ಆಗ ಚಕ್ರದ ತ್ರಿಜ್ಯ ಸುಮಾರು 60 ಮಿ.ಮೀ. ಹೆಡ್ಡನ್ನು ಅರ್ಧ ಮಿ.ಮೀ. ಫೇಸಿಂಗ್ ಮಾಡಿದರೆ ಕ್ಯಾಮ್ ಅಷ್ಟು ಕೆಳಗಿಳಿಯುತ್ತದೆ, ಚೈನಿನ ಎಳೆಯುವ ಬದಿಗೆ ಅಷ್ಟು ಸಡಿಲ ಬರುತ್ತದೆ, ಆ ಸಡಿಲವನ್ನು ಕ್ರ್ಯಾಂಕ್ ಮೊದಲು ಎಳೆದು ಬಿಗಿಮಾಡಿಕೊಂಡ ಮೇಲೆಯೇ ಕ್ಯಾಮ್ ತಿರುಗತೊಡಗುವುದು. ಕ್ರ್ಯಾಂಕಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ ಒಂದು ಡಿಗ್ರಿ ತಡ. ಒಂದು ಡಿಗ್ರಿಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ, ನಿಜ. ಆದರೆ ಎಳೆಯುವ ಬದಿಯ ಚೈನು 300 ಮಿ.ಮೀ. ಇದ್ದು, ಹಳೇ ಚೈನನ್ನೇ ಮತ್ತೆ ಹಾಕಿದ್ದರಿಂದ ಅದು ನೂರಕ್ಕೆ ಒಂದರಷ್ಟು ಜಗ್ಗಿದ್ದರೆ 3 ಮಿ.ಮೀ. ಆಯಿತು; ಅದು ಕ್ರ್ಯಾಂಕಿನಲ್ಲಿ ಐದೂವರೆ ಡಿಗ್ರಿ ಮೀರುತ್ತದೆ. ಹೆಡ್ ಕೆರೆದರೂ ತಡ, ಚೈನು ಜಗ್ಗಿದರೂ ತಡ. ಎರಡೂ ಒಂದೇ ದಿಕ್ಕಿನವು, ಒಂದನ್ನೊಂದು ಕಳೆಯುವುದಿಲ್ಲ, ಕೂಡಿಕೊಳ್ಳುತ್ತವೆ. ಕ್ಯಾಮನ್ನು ಮತ್ತೆ ಗ್ರೈಂಡ್ ಮಾಡಿಸಿದ್ದರೆ ಅದು ಮೂರನೆಯದು: ಲೋಬಿನ ತುದಿ ಕೀಲಿಯ ಕಚ್ಚಿಗೆ ಮೊದಲಿದ್ದ ಕೋನದಲ್ಲೇ ಉಳಿದಿದೆಯೇ ಎಂಬುದು ಗ್ರೈಂಡ್ ಮಾಡಿದವರ ಕೈಯಲ್ಲಿದೆ. ಇದರ ಮೇಲೆ ಕಣ್ಣಿನ ತಪ್ಪು ಬೇರೆ. ಬಾನೆಟ್ಟಿನ ಮೇಲಿಂದ ಬಗ್ಗಿ ಓರೆಯಾಗಿ ನೋಡುವಾಗ ಚಕ್ರದ ಅಂಚಿನಲ್ಲಿ ಗುರುತು ಒಂದೇ ಒಂದು ಮಿ.ಮೀ. ಆಚೀಚೆ ಕಂಡರೂ ಸುಮಾರು ಎರಡು ಡಿಗ್ರಿ. ಫೇಸಿಂಗ್ ಆದ ಹೆಡ್ಡಿನಲ್ಲಿ ಗುರುತು ಸರಿಯಾಗಿ ಎರಡು ಹಲ್ಲಿನ ನಡುವೆ ನಿಂತುಬಿಟ್ಟು, "ಇತ್ತ ಹಾಕೋದಾ, ಅತ್ತ ಹಾಕೋದಾ" ಎಂದು ತಡವರಿಸಿ ತಪ್ಪು ಕಡೆಗೆ ಹಾಕಿದರೆ ಮುಗಿಯಿತು. 40 ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ಅಂದರೆ ಕ್ರ್ಯಾಂಕಿನ 18 ಡಿಗ್ರಿ.

ಅಂಬಾಸಿಡರಿನ 1489 ಸಿ.ಸಿ. ಇಂಜಿನ್, ಪದ್ಮಿನಿಯ 1089 ಸಿ.ಸಿ. ಇಂಜಿನ್ ಈ ವಿಷಯದಲ್ಲಿ ಅರ್ಧ ಪಾರಾಗುತ್ತವೆ. ಅವುಗಳ ಕ್ಯಾಮ್ ಇರುವುದು ಬ್ಲಾಕಿನೊಳಗೆ, ಪುಶ್‌ರಾಡ್ ವಾಲ್ವನ್ನು ತಳ್ಳುತ್ತದೆ. ಹೆಡ್ ಎಷ್ಟು ಕೆರೆದರೂ ಕ್ರ್ಯಾಂಕಿಗೂ ಕ್ಯಾಮಿಗೂ ಇರುವ ಅಂತರ ಕದಲುವುದಿಲ್ಲ. ಟ್ಯಾಪೆಟ್ ಮತ್ತೆ ಸೆಟ್ ಮಾಡಿದರಾಯಿತು. ಚೈನು ಜಗ್ಗುವ ತೊಂದರೆ, ಕ್ಯಾಮ್ ಗ್ರೈಂಡಿಂಗಿನ ತೊಂದರೆ ಅಲ್ಲಿಯೂ ಇದ್ದದ್ದೇ.

ಇಷ್ಟಾದರೆ ಏನು ನಷ್ಟ ಎಂದು ಕೇಳಬಹುದು. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಮಾರುತಿ 800ರ 796 ಸಿ.ಸಿ. ಇಂಜಿನ್ನಿನಲ್ಲಿ ಪಿಸ್ಟನ್ನಿನ ಓಡಾಟ 72 ಮಿ.ಮೀ. ಅದೇ ಅಳತೆಯ ಇಂಜಿನ್ನಿಗೆ ಕಂಪ್ರೆಷನ್ 9ಕ್ಕೆ 1 ಎಂದು ಹಿಡಿದು, ಇನ್‌ಲೆಟ್ ವಾಲ್ವು ಪಿಸ್ಟನ್ ತಳ ದಾಟಿ 50 ಡಿಗ್ರಿಗೆ ಮುಚ್ಚಬೇಕು ಎಂದಿಟ್ಟುಕೊಳ್ಳೋಣ. ಆ ಕ್ಷಣಕ್ಕೆ ಪಿಸ್ಟನ್ ಇನ್ನೂ ಸುಮಾರು 62 ಮಿ.ಮೀ. ಮೇಲೇರಬೇಕು, ವಾಲ್ವು ಮುಚ್ಚಿದ ಮೇಲೆ ಗಾಳಿ ನಿಜವಾಗಿ ಒತ್ತಡಕ್ಕೆ ಸಿಗುವುದು 7.9ಕ್ಕೆ 1ರಂತೆ. ಹತ್ತು ಡಿಗ್ರಿ ತಡವಾದರೆ ಅದು ಏಳೂವರೆಗೆ ಇಳಿಯುತ್ತದೆ. ಒಂದು ಹಲ್ಲು, ಅಂದರೆ 18 ಡಿಗ್ರಿ ತಪ್ಪಿದರೆ ಬರಿಯ ಏಳು. ಎಳೆದುಕೊಂಡ ಗಾಳಿಯನ್ನು ಇಂಜಿನ್ ಮತ್ತೆ ಮ್ಯಾನಿಫೋಲ್ಡಿಗೇ ಉಗುಳುತ್ತಿರುತ್ತದೆ. ಇದರ ಎರಡನೆಯ ಪರಿಣಾಮ ಇನ್ನೂ ಕೆಟ್ಟದ್ದು: ಕಂಪ್ರೆಷನ್ ಗೇಜ್ ಹಾಕಿ ನೋಡಿದರೆ ಎಲ್ಲ ಸಿಲಿಂಡರಿನಲ್ಲೂ ಒಂದೇ ಸಮನೆ ಕಡಿಮೆ ತೋರಿಸುತ್ತದೆ. ಗಿರಾಕಿಗೆ ಅನ್ನಿಸುವುದು ರಿಂಗ್ ಕಳಪೆ ಅಂತ. ಮೇಸ್ತ್ರಿಗೆ ಅನ್ನಿಸುವುದು ಬೋರ್ ಸರಿ ಆಗಿಲ್ಲ ಅಂತ. ಲೇತಿನವನ ಮೇಲೆ ಜಗಳ. ಕೆಟ್ಟ ರಿಂಗ್ ಎಲ್ಲ ಸಿಲಿಂಡರಿನಲ್ಲೂ ಒಂದೇ ತೂಕದಲ್ಲಿ ಕೆಡುವುದು ಅಪರೂಪ. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಸಮನಾಗಿ ಇಳಿದ ಕಂಪ್ರೆಷನ್ ಕಂಡರೆ ಮೊದಲು ಗುಮಾನಿ ಪಡಬೇಕಾದದ್ದು ಕ್ಯಾಮನ್ನು.

ಅಳೆಯುವುದು ಹೇಗೆ? ಮೊದಲ ಮೆಟ್ಟಿಲಲ್ಲೇ ಬಹಳ ಜನ ಜಾರುತ್ತಾರೆ. ಎಲ್ಲ ಲೆಕ್ಕವೂ ಪಿಸ್ಟನ್ ತುತ್ತತುದಿಯಲ್ಲಿರುವ ಬಿಂದುವಿನಿಂದ, ಅಂದರೆ ಟಿಡಿಸಿಯಿಂದ ಶುರು. ಆ ಬಿಂದುವನ್ನು ಪ್ಲಗ್ ತೂತಿನಲ್ಲಿ ಸ್ಕ್ರೂಡ್ರೈವರ್ ಇಳಿಬಿಟ್ಟು "ಇಲ್ಲಿಗೆ ನಿಂತಿತು" ಎಂದು ಹಿಡಿಯಲಾಗದು. ಅದೇ 72 ಮಿ.ಮೀ. ಓಡಾಟದ ಇಂಜಿನ್ನಿನಲ್ಲಿ ತುದಿಯ ಆಚೀಚೆ ಒಂದು ಡಿಗ್ರಿಗೆ ಪಿಸ್ಟನ್ ಕದಲುವುದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ; ಐದು ಡಿಗ್ರಿಗೂ 0.2 ಮಿ.ಮೀ. ದಾಟುವುದಿಲ್ಲ. ಕೈಗೆ ನಿಂತಂತೆ ಅನ್ನಿಸುವ ಜಾಗವೇ ಹತ್ತು ಡಿಗ್ರಿ ಅಗಲವಾಗಿದೆ. ಹಾಗಾಗಿ ಪಿಸ್ಟನ್ನನ್ನು ತುದಿಗೆ ಹೋಗಲು ಬಿಡಬಾರದು, ಮಧ್ಯದಲ್ಲೇ ತಡೆಯಬೇಕು. ಕ್ರ್ಯಾಂಕಿನ ಮೂತಿಗೆ ಡಿಗ್ರಿ ಬರೆದ ತಟ್ಟೆ ಬಿಗಿದು, ಬ್ಲಾಕಿಗೆ ಒಂದು ತಂತಿಯ ಮುಳ್ಳು ಕಟ್ಟಿ, ಹೆಡ್ ಇಲ್ಲದಾಗ ಬೋರಿನ ಮೇಲೆ ಅಡ್ಡಪಟ್ಟಿ ಬೋಲ್ಟ್ ಮಾಡಿ, ಅಥವಾ ಹೆಡ್ ಇದ್ದರೆ ಪ್ಲಗ್ ತೂತಿಗೆ ಒಂದು ತಡೆಬೋಲ್ಟ್ ತಿರುಗಿಸಿ, ಕ್ರ್ಯಾಂಕನ್ನು ಕೈಯಲ್ಲಿ ಒಂದು ದಿಕ್ಕಿಗೆ ತಡೆ ಮುಟ್ಟುವ ತನಕ ತಿರುಗಿಸುವುದು. ಮುಳ್ಳು 34 ತೋರಿಸಿತು. ಇನ್ನೊಂದು ದಿಕ್ಕಿಗೆ ತಿರುಗಿಸಿದರೆ 28. ನಿಜವಾದ ತುದಿ ಇವೆರಡರ ನಟ್ಟನಡುವೆ. ಮುಳ್ಳನ್ನು ಎರಡು ಕಡೆಯೂ 31 ಬರುವಂತೆ ಬಗ್ಗಿಸಿದರೆ ಸೊನ್ನೆ ಸೊನ್ನೆಯೇ ಆಯಿತು. ಇನ್ನು ಕ್ಯಾಮಿನದು. ಒಂದನೇ ಸಿಲಿಂಡರಿನ ಇನ್‌ಲೆಟ್ ವಾಲ್ವಿನ ತಲೆಯ ಮೇಲೆ ಡಯಲ್ ಗೇಜ್ ಕೂರಿಸಿ, ಪೂರ್ತಿ ಎತ್ತಿದಾಗ ಗೇಜನ್ನು ಸೊನ್ನೆ ಮಾಡಿಕೊಳ್ಳಬೇಕು. ಲೋಬಿನ ತುದಿಯೂ ಪಿಸ್ಟನ್ನಿನ ತುದಿಯ ಹಾಗೆಯೇ ಚಪ್ಪಟೆ, ಅದನ್ನೂ ನೇರವಾಗಿ ನಂಬುವಂತಿಲ್ಲ. ಏರುವಾಗ ತುದಿಗೆ 1.27 ಮಿ.ಮೀ. ಬಾಕಿ ಇದ್ದ ಜಾಗದಲ್ಲಿ ತಟ್ಟೆ ಏನು ಹೇಳುತ್ತದೆ, ಇಳಿದು ಮತ್ತೆ ಅಷ್ಟೇ ಬಂದಾಗ ಏನು ಹೇಳುತ್ತದೆ ಎಂದು ಬರೆದುಕೊಳ್ಳುವುದು. ಟಿಡಿಸಿ ದಾಟಿ 62 ಮತ್ತು 154 ಬಂದರೆ ಲೋಬಿನ ನಡು 108 ಡಿಗ್ರಿಗೆ. ಕ್ಯಾಮ್ ತಯಾರಿಸಿದವರ ಕಾರ್ಡಿನಲ್ಲಿ 106 ಎಂದಿದ್ದರೆ ಎರಡು ಡಿಗ್ರಿ ತಡ, ಆಫ್‌ಸೆಟ್ ಕೀಲಿ ಹಾಕಿಯೋ ಉದ್ದ ತೂತಿನ ಪಲ್ಲಿ ತಿರುಗಿಸಿಯೋ ಸರಿಪಡಿಸಬಹುದು. ಇಲ್ಲಿ ಒಂದು ಎಚ್ಚರ: ಕ್ಯಾಮ್ ಅಳೆಯುವಾಗ ಕ್ರ್ಯಾಂಕನ್ನು ಯಾವಾಗಲೂ ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಬೇಕು. ಗುರಿ ದಾಟಿಹೋಯಿತೆಂದು ಒಂದೆರಡು ಡಿಗ್ರಿ ಹಿಂದಕ್ಕೆ ಎಳೆದರೆ ಚೈನಿನ ಸಡಿಲ ಇನ್ನೊಂದು ಬದಿಗೆ ಹೋಗಿ ಓದಿದ ಅಂಕಿಯೇ ಸುಳ್ಳಾಗುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕವುಳ್ಳದ್ದು. ಕಾರ್ಖಾನೆಯವರು ಪ್ರತಿ ಇಂಜಿನ್ನಿಗೂ ತಟ್ಟೆ ಕಟ್ಟಿ ಅಳೆಯುತ್ತಾರೆಯೇ? ಗುರುತು ಕೂಡಿಸಿ ಸಾಲಿನಲ್ಲಿ ಮುಂದಕ್ಕೆ ಕಳಿಸುತ್ತಾರೆ ತಾನೆ? ಹೌದು. ಅವರು ಅಳೆಯುವುದು ಬಿಡಿಭಾಗವನ್ನು, ಅದೂ ಜೋಡಣೆಗೆ ಬರುವ ಮೊದಲೇ. ಬ್ಲಾಕಿನ ಎತ್ತರ, ಹೆಡ್ಡಿನ ದಪ್ಪ, ಚಕ್ರದ ಕೀಲಿಕಚ್ಚು, ಚೈನಿನ ಉದ್ದ ಎಲ್ಲವೂ ಗೊತ್ತಾದ ಮಿತಿಯೊಳಗೆ ಇದ್ದಾಗ ಚುಕ್ಕೆ ನಂಬಿಕೆಗೆ ಅರ್ಹ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಕಂಪನಿಯ ಚೈನು, ಇನ್ನೊಂದು ಕಂಪನಿಯ ಚಕ್ರ, ಮೂರನೆಯ ಕಡೆ ಗ್ರೈಂಡ್ ಆದ ಕ್ಯಾಮ್ ತಂದು ಎರಡು ಸಲ ಕೆರೆದ ಹೆಡ್ಡಿಗೆ ಜೋಡಿಸಿದ ಮೇಲೆ ಆ ಮಿತಿ ಎಲ್ಲಿ ಉಳಿಯಿತು? ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿಯನ್ನು ಬಲ್ಲವರು ಕೊಳ್ಳುವುದು ಹೆಸರು ಕೇಳಿ ಅಲ್ಲ, ಕುಳ್ಳ ಕಾಲು, ಹಿಂದಿನಿಂದ ನೋಡಿದರೆ ಕವುಚಿಟ್ಟ ಬೋಗುಣಿಯಂಥ ಮೈಕಟ್ಟು ಇದೆಯೇ ಎಂದು ಕಣ್ಣಿಟ್ಟು, ಕೈಯಿಟ್ಟು ನೋಡಿ. ಸಂತೆಗೆ ಬರುವ ಬೆರಕೆಗೂ ಅದೇ ಹೆಸರು ಹೇಳುತ್ತಾರಲ್ಲ. ಚಕ್ರದ ಚುಕ್ಕೆಯೂ ಅಂಥ ಹೆಸರೇ. ಹಾಗೆಂದು ಎಲ್ಲ ಕೆಲಸಕ್ಕೂ ತಟ್ಟೆ ಬೇಕೆಂದಲ್ಲ. ಹೆಡ್ ಎತ್ತದೆ ಬರೀ ಬೆಲ್ಟ್ ಬದಲಿಸುವಾಗ ಗುರುತು ಕೂಡಿಸಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮತ್ತೆ ಕೂಡುತ್ತದೆಯೇ ನೋಡಿದರೆ ಸಾಕು. ಬಣ್ಣದ ಕೊಂಡಿ ಇರುವ ಚೈನಾದರೆ ಎರಡು ಸುತ್ತಿಗೆ ಆ ಕೊಂಡಿಗಳು ಗುರುತಿಗೆ ಮರಳುವುದಿಲ್ಲ, ಹೊಸ ಹುಡುಗರು ಇದನ್ನು ಕಂಡು ಗಾಬರಿಯಾಗಿ ಬಿಚ್ಚಿಬಿಡುವುದುಂಟು. 40 ಹಲ್ಲಿನ ಕ್ಯಾಮ್ ಚಕ್ರಕ್ಕೆ 96 ಕೊಂಡಿಯ ಚೈನಿದ್ದರೆ ಅವು ಮತ್ತೆ ಸೇರಲು ಕ್ರ್ಯಾಂಕ್ 24 ಸುತ್ತು ತಿರುಗಬೇಕು. ನೋಡಬೇಕಾದದ್ದು ಚಕ್ರದ ಗುರುತು, ಕೊಂಡಿಯ ಬಣ್ಣವಲ್ಲ.

ಎರಡನೆಯ ಮಾತು ಅನುಭವದ್ದು: ಹಳೇ ಮೇಸ್ತ್ರಿಗಳು ಕಿವಿಯಲ್ಲೇ ಸೆಟ್ ಮಾಡುತ್ತಿದ್ದರು, ಗಾಡಿಗಳು ಲಕ್ಷಾಂತರ ಕಿಲೋಮೀಟರ್ ಓಡಿದವು. ಅವರ ಕಿವಿಯನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಆದರೆ ಅವರು ಕಿವಿಯಲ್ಲಿ ಸೆಟ್ ಮಾಡುತ್ತಿದ್ದದ್ದು ಡೆಲ್ಕೋವನ್ನು, ಅಂದರೆ ಕಿಡಿಯ ಹೊತ್ತನ್ನು. ಡೆಲ್ಕೋ ತಿರುಗಿಸಿದರೆ ಕ್ಯಾಮ್ ತಿರುಗುವುದಿಲ್ಲ. ಕ್ಯಾಮ್ ತಡವಾದ ಇಂಜಿನ್ನಿಗೆ ಕಿಡಿಯನ್ನು ಸ್ವಲ್ಪ ಮುಂಚಿತ ಮಾಡಿದರೆ ಐಡಲ್ ನಯವಾಗಿ, ತಪ್ಪು ಮುಚ್ಚಿಹೋಗುತ್ತದೆ ಅಷ್ಟೆ. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ ಬೈಕುಗಳ ಮೇಲೆ ಕೈ ಪಳಗಿಸಿಕೊಂಡ ಒಂದು ತಲೆಮಾರಿಗಂತೂ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಎರಡು ಸ್ಟ್ರೋಕಿನ ಆ ಇಂಜಿನ್ನಿಗೆ ಕ್ಯಾಮೇ ಇಲ್ಲ, ಗಾಳಿ ಬಂದುಹೋಗುವ ಹೊತ್ತು ಸಿಲಿಂಡರಿನ ಗೋಡೆಯ ಕಿಂಡಿಗಳಲ್ಲೇ ಕೊರೆದಿಟ್ಟದ್ದು. ಇದಕ್ಕಿಂತ ದೊಡ್ಡ ಉತ್ತರ ಡೀಸೆಲ್ ಕಡೆಯಿಂದ ಬರುತ್ತದೆ. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಪಂಪುಗಳು ಲಾರಿ, ಟ್ರ್ಯಾಕ್ಟರುಗಳಲ್ಲಿ ಮನೆಮಾತಾದ ಮೇಲೆ ಡ್ರಾಪ್ ನೋಡಿ ಟೈಮಿಂಗ್ ಇಡುವುದು ನಮ್ಮ ಡೀಸೆಲ್ ಮೆಕ್ಯಾನಿಕ್ಕುಗಳಿಗೆ ಬೆರಳ ತುದಿಯ ವಿದ್ಯೆ. ಡೆಲಿವರಿ ವಾಲ್ವು ತೆಗೆದು, ಬಾಗಿದ ಕೊಳವೆ ಹಾಕಿ, ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸುತ್ತ ಎಣ್ಣೆಯ ಧಾರೆ ಕಡಿದು ತೊಟ್ಟಾಗುವ ಗಳಿಗೆಗೆ ಫ್ಲೈವೀಲಿನ ಡಿಗ್ರಿ ನೋಡುತ್ತಾರೆ. ಪಂಪಿನ ಗೇರಿನಲ್ಲೂ ಗುರುತು ಇದೆ. ಆದರೂ ಅದನ್ನೇ ನಂಬಿ ಬಿಡುವುದಿಲ್ಲ. ಪಂಪಿಗೆ ಸಲ್ಲುವ ಈ ಅಳತೆ ಕಾರಿನ ಕ್ಯಾಮಿಗೆ ಯಾಕೆ ಸಲ್ಲಬಾರದು? ಪಂಪು ತಪ್ಪಿದರೆ ಕರಿ ಹೊಗೆ, ಬಡಿತ, ತಕ್ಷಣ ಗೊತ್ತಾಗುತ್ತದೆ. ಪೆಟ್ರೋಲ್ ಇಂಜಿನ್ನಿನ ಕ್ಯಾಮ್ ಆರು ಡಿಗ್ರಿ ತಪ್ಪಿದರೆ ಗಲಾಟೆಯಿಲ್ಲ, ಎಳೆತ ಮಾತ್ರ ಕುಗ್ಗುತ್ತದೆ. ಇದನ್ನು ಬಿಟ್ಟರೆ ಬೇರೆ ಕಾರಣ ಕಾಣುವುದಿಲ್ಲ.

ಹೊಸ ಕಾರುಗಳಲ್ಲಿ ಎಲ್ಲವನ್ನೂ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ಕಂಪ್ಯೂಟರ್ ತಿದ್ದುವುದು ಪೆಟ್ರೋಲನ್ನು, ಕಿಡಿಯನ್ನು. ಕೀಲಿ ಹಾಕಿ ಬಿಗಿದ ಕ್ಯಾಮನ್ನು ಅದು ತಿರುಗಿಸಲಾರದು. 1995ರಲ್ಲಿ ಟೊಯೊಟಾ ತಂದ ವಿವಿಟಿ-ಐ ಥರದ ವ್ಯವಸ್ಥೆಯಲ್ಲಿ ಕ್ಯಾಮ್ ಓಡುತ್ತಲೇ ಹಿಂದೆ ಮುಂದೆ ಆಗುತ್ತದೆ ನಿಜ. ಆದರೆ ಆ ಸರಿದಾಟ ಶುರುವಾಗುವ ನೆಲೆಯನ್ನು ಕಟ್ಟಿದವನೇ ಸರಿಯಾಗಿ ಕೊಟ್ಟಿರಬೇಕು. ನೆಲೆ ತೀರಾ ತಪ್ಪಿದ್ದರೆ ಕ್ರ್ಯಾಂಕ್ ಸೆನ್ಸರಿಗೂ ಕ್ಯಾಮ್ ಸೆನ್ಸರಿಗೂ ತಾಳೆಯಾಗದೆ ಪಿ0016 ಎಂಬ ದೂರು ಬರುತ್ತದೆ. ದೂರು ಹೇಳುವುದಷ್ಟೇ ಅದರ ಕೆಲಸ, ಕವರ್ ಬಿಚ್ಚಬೇಕಾದವರು ನಾವೇ. ಹೊಸ ಇಂಜಿನ್ನುಗಳಲ್ಲಿ ಕೆಲವಕ್ಕೆ ಕ್ರ್ಯಾಂಕನ್ನೂ ಕ್ಯಾಮನ್ನೂ ಪಿನ್ನು ತೂರಿಸಿ ಲಾಕ್ ಮಾಡಿಯೇ ಚಕ್ರ ಬಿಗಿಯಬೇಕೆಂಬ ಕ್ರಮವಿದೆ; ಚುಕ್ಕೆಯನ್ನು ಕಾರ್ಖಾನೆಯವರೇ ಪೂರ್ತಿ ನಂಬುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಉಳಿದದ್ದು ದುಡ್ಡು, ಹೊತ್ತು. ಡಯಲ್ ಗೇಜ್ ಲೇತ್ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಡಿಗ್ರಿ ತಟ್ಟೆ ಇಲ್ಲದಿದ್ದರೂ ಕೆಲಸ ನಿಲ್ಲದು. ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಲ್ಯಾಬಿನಲ್ಲಿ ವಾಲ್ವ್ ಟೈಮಿಂಗ್ ಚಿತ್ರ ಬರೆಯುವ ಪ್ರಯೋಗ ಹಳೆಯದು: ಫ್ಲೈವೀಲಿನ ಸುತ್ತಳತೆಯನ್ನು ಟೇಪಿನಲ್ಲಿ ಹಿಡಿದು, ವಾಲ್ವು ತೆರೆದ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಮಿಲಿಮೀಟರನ್ನು ಡಿಗ್ರಿಗೆ ತಿರುಗಿಸುವುದು. ಸುತ್ತಳತೆ 1,000 ಮಿ.ಮೀ. ಇದ್ದರೆ ಒಂದು ಡಿಗ್ರಿ 2.78 ಮಿ.ಮೀ. ಮಂಡ್ಯದಲ್ಲಿ ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1962ರಲ್ಲಿ. ಇಂಥ ಲೆಕ್ಕ ಬಲ್ಲವರಿಗೆ ಈ ಊರಿನಲ್ಲಿ ಬರವೇನಿಲ್ಲ. ಅದು ಪರೀಕ್ಷೆಯ ರೆಕಾರ್ಡ್ ಪುಸ್ತಕದಿಂದ ಗ್ಯಾರೇಜಿಗೆ ಇಳಿಯಲಿಲ್ಲ, ಅಷ್ಟೆ. ಹೊತ್ತಿನ ವಿಷಯಕ್ಕೆ ಬಂದರೆ, ಇಂಜಿನ್ ಸ್ಟ್ಯಾಂಡಿನ ಮೇಲಿರುವಾಗ ಆಗುವ ಕೆಲಸವನ್ನು ಗಾಡಿಗೆ ಕೂರಿಸಿದ ಮೇಲೆ ಮಾಡಬೇಕಾದರೆ ರೇಡಿಯೇಟರ್, ಫ್ಯಾನು, ಬೆಲ್ಟು, ಪಲ್ಲಿ ಎಲ್ಲ ಮತ್ತೆ ಕಳಚಬೇಕು. ಅಳತೆಗೆ ಕೂತಾಗಲೇ ಇನ್ನೊಂದು ಲಾಭವಿದೆ. ಹೆಡ್ ಕೆರೆದಷ್ಟೂ ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಕ್ಯಾಮ್ ಮುಂಚಿತವಾದರೆ ಇನ್‌ಲೆಟ್ ವಾಲ್ವಿಗೆ ಕಂಟಕ, ತಡವಾದರೆ ಎಕ್ಸಾಸ್ಟ್ ವಾಲ್ವಿಗೆ. ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಮೆತ್ತನೆ ಮೇಣದ ಮಣ್ಣು ಹಚ್ಚಿ, ಹೆಡ್ ಕೂರಿಸಿ, ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಬಿಚ್ಚಿ, ಒತ್ತಿದ ಗುಳಿಯನ್ನು ಬ್ಲೇಡಿನಲ್ಲಿ ಕೊಯ್ದು ಅಳೆದರೆ ಉಳಿದ ಸಂದು ಗೊತ್ತಾಗುತ್ತದೆ. ಇನ್‌ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇಲ್ಲದಿದ್ದರೆ ಇಂಜಿನ್ ಕಟ್ಟುವವರು ಸಾಮಾನ್ಯವಾಗಿ ಮುಂದಕ್ಕೆ ಹೋಗುವುದಿಲ್ಲ.

ಅಳೆಯಲು ಕಲಿತವರಿಗೆ ಆಯ್ಕೆಯೂ ಸಿಗುತ್ತದೆ. 2023ರ ಮಾರ್ಚಿನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಈ ಸೀಮೆಯ ಕಾರಿಗೆ ಎರಡು ಬಗೆಯ ಬದುಕು. ಒಂದು, ಊರೂರಿನ ತಿರುವುರಸ್ತೆಯಲ್ಲಿ ಎರಡನೇ ಮೂರನೇ ಗೇರಿನಲ್ಲಿ ಐದು ಜನರನ್ನು ಹೊತ್ತು ಸಾಗುವುದು. ಇನ್ನೊಂದು, ಬೈಪಾಸಿನಿಂದ ಬೈಪಾಸಿಗೆ ಒಂದೇ ಸಮನೆ ಮೇಲಿನ ವೇಗದಲ್ಲಿ ಓಡುವುದು. ಮೊದಲನೆಯದಕ್ಕೆ ಕಾರ್ಡಿನ ಅಂಕಿಗಿಂತ ಎರಡು ಡಿಗ್ರಿ ಮುಂಚಿತ ಇಟ್ಟರೆ ಕೆಳಗಿನ ಎಳೆತ ಸುಧಾರಿಸುತ್ತದೆ. ಎರಡನೆಯದಕ್ಕೆ ಕಾರ್ಡಿನ ಅಂಕಿಯೇ ಇರಲಿ. ನಾಲ್ಕು ಡಿಗ್ರಿ ಮೀರಿದ ಪ್ರಯೋಗ ಮನೆ ಬಳಕೆಯ ಕಾರಿಗೆ ಬೇಡದ ಉಸಾಬರಿ. ಇಂಜಿನ್ ಕಟ್ಟಿಸುವವರು ಬಿಲ್ಲು ಕೊಡುವ ಮೊದಲು ಮೂರು ಅಂಕಿ ಬರೆಸಿಕೊಳ್ಳಬಹುದು: ಹೆಡ್ಡಿನಿಂದ ಎಷ್ಟು ಕೆರೆದರು, ಇನ್‌ಲೆಟ್ ಲೋಬಿನ ನಡು ಎಷ್ಟು ಡಿಗ್ರಿಗೆ ನಿಂತಿದೆ, ವಾಲ್ವಿಗೂ ಪಿಸ್ಟನ್ನಿಗೂ ಉಳಿದ ಸಂದು ಎಷ್ಟು. ಮುಂದೆ ಚೈನು ಸದ್ದು ಮಾಡಿ ಕವರ್ ಬಿಚ್ಚುವ ದಿನ ಬಂದರೆ, ಬಿಚ್ಚುವವರು ಬೇರೆ ಮೇಸ್ತ್ರಿಯಾದರೂ, ಎಲ್ಲಿಂದ ಎಷ್ಟು ಕದಲಿದೆ ಎಂದು ಆ ಚೀಟಿ ನೋಡಿಯೇ ಹೇಳಬಹುದು.